ಇಲ್ಲದ ಮನೆಯ ಗೃಹಪ್ರವೇಶ

ಸುಳ್ಳು ಹೇಳಬಾರದು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ನಾನು. ನಿವೃತ್ತಿಯ ನಂತರ ಸಿಕ್ಕ ಕೆಲಸಕ್ಕೆ ಮಾತ್ರ ಸುಳ್ಳೇ ಬಂಡವಾಳ. ಮನೆಯವರ ಹೊಡೆತ ತಾಳಲಾರದೆ ಬಂದ ಹೆಂಗಸರು ತಂಗಲು ಶಿವಮೊಗ್ಗದಲ್ಲಿ ಒಂದು ಮನೆಯಿದೆ. ಅದನ್ನು ನೋಡಿಕೊಳ್ಳುವವಳು ನಾನು. ಮನೆ ಎಲ್ಲಿದೆ ಎಂದು ಯಾರಿಗೂ ಹೇಳುವಂತಿಲ್ಲ. ಎದುರುಮನೆಯವರು ಅದನ್ನು ಲೇಡೀಸ್ ಪಿ.ಜಿ. ಎಂದೇ ನಂಬಿ, "ನಿಮ್ಮ ಹುಡುಗೀರು ಎಷ್ಟು ಒಳ್ಳೆಯೋರು, ಗೇಟಿನ ಹತ್ರ ಒಬ್ಬ ಹುಡುಗನೂ ನಿಲ್ಲಲ್ಲ" ಎಂದು ಹೊಗಳುತ್ತಿದ್ದರು. ನಾನೂ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದೆ.

ಒಂದು ದಿನ ಭದ್ರಾವತಿಯಿಂದ ಊದಿದ ಕೆನ್ನೆಯ ಹುಡುಗಿಯೊಬ್ಬಳು ಉಟ್ಟ ಬಟ್ಟೆಯಲ್ಲೇ ಬಂದಳು. ತಿಂಗಳೊಳಗೆ ಅವಳಿಗೆ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ ಸಿಗುವಂತಾಯಿತು. ಆದರೆ ಅದಕ್ಕೆ ಬೇಕಾದ ಮಾರ್ಕ್ಸ್ ಕಾರ್ಡ್ ಗಂಡನ ಮನೆಯ ಟ್ರಂಕಿನಲ್ಲಿತ್ತು. ಸುಟ್ಟುಬಿಡುತ್ತೇನೆ ಎಂದು ಅವನು ಹಿಂದೆಯೇ ಹೆದರಿಸಿದ್ದ. ಕಾಯಿದೆಯ ಪ್ರಕಾರ ತರಿಸಿಕೊಳ್ಳಬಹುದಿತ್ತು. ಕಾಗದ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಬೆಂಕಿಕಡ್ಡಿ ಗೀರಲು ಎಷ್ಟು ಹೊತ್ತು?

ಉಪಾಯ ಹೇಳಿದ್ದು ನಮ್ಮ ಅಡುಗೆಯವಳು. "ಅಮ್ಮಾ, ರೇಷ್ಮೆ ಸೀರೆ ಉಟ್ಕೊಂಡು ಕುಂಕುಮದ ಬಟ್ಲು ಹಿಡ್ಕೊಂಡು ಹೋದ್ರೆ ಯಾವ ಮನೆ ಬಾಗ್ಲಾದ್ರೂ ತೆಗೀತದೆ."

ಗಂಡ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿ, ಬೆಳಿಗ್ಗೆ ಹತ್ತಕ್ಕೆ ನಾವಿಬ್ಬರೂ ಭದ್ರಾವತಿಯ ಕಾರ್ಖಾನೆಯವರ ಹಳೆಯ ಕ್ವಾರ್ಟರ್ಸಿನಲ್ಲಿದ್ದ ಆ ಮನೆಯ ಬಾಗಿಲು ತಟ್ಟಿದೆವು. ತೆಗೆದವರು ಹುಡುಗಿಯ ಅತ್ತೆ. ಮಗ ಹೊಡೆಯುವಾಗ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು ಎಂದು ಹುಡುಗಿ ಹೇಳಿದ್ದರಿಂದ ನನಗೆ ಅವರ ಮೇಲೆ ಮೊದಲೇ ಸಿಟ್ಟಿತ್ತು. ನೋಡಿದರೆ ಅವರ ಹಣೆ ಬರಿದಾಗಿತ್ತು. ಬಟ್ಟಲು ಹಿಡಿದ ನನ್ನ ಕೈ ಅರ್ಧಕ್ಕೇ ನಿಂತಿತು.

"ಇಡಿ, ನಂಗೇನು ಬೇಜಾರಿಲ್ಲ" ಎಂದು ಅವರೇ ಹಣೆ ಮುಂದೆ ಮಾಡಿದರು. "ಯಾರು ಅಂತ ಗುರುತು ಸಿಗ್ಲಿಲ್ಲ."

"ನಿಮ್ಮ ಯಜಮಾನ್ರ ಕಡೆ ದೂರದ ನೆಂಟರು. ಹೊಳೆಹೊನ್ನೂರಲ್ಲಿ ಮನೆ ಕಟ್ಸಿದೀವಿ, ಗೃಹಪ್ರವೇಶಕ್ಕೆ ಬರ್ಬೇಕು."

"ಹೊಳೆಹೊನ್ನೂರಲ್ಲಿ ಎಲ್ಲಿ? ನನ್ನ ತವರು ಅದೇ."

"ಹೊಳೆ ಹತ್ರ" ಎಂದೆ ನಾನು.

"ಬಸ್ ಸ್ಟ್ಯಾಂಡ್ ಹಿಂದೆ" ಎಂದಳು ಅಡುಗೆಯವಳು, ಅದೇ ಉಸಿರಿನಲ್ಲಿ.

"ದೊಡ್ಡ ಮನೇನೇ ಇರ್ಬೇಕು" ಎಂದರು ಅತ್ತೆ, ನಗದೆ.

ಅಡುಗೆಯವಳು ಬಾತ್‌ರೂಮಿನ ನೆಪ ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಟ್ರಂಕಿನ ಮುಚ್ಚಳ ಕಿರ್ ಎಂದಿತು. ನಾನು ಕೆಮ್ಮಿದೆ. ಇನ್ನೊಮ್ಮೆ ಕಿರ್ ಎಂದಿತು. ಇನ್ನೂ ಜೋರಾಗಿ ಕೆಮ್ಮಿದೆ.

"ನೀರು ಕುಡೀರಿ" ಎಂದರು ಅತ್ತೆ. "ಟ್ರಂಕಲ್ಲಿ ಇಲ್ಲ ಅಂತ ಅವ್ಳಿಗೆ ಹೇಳಿ. ಅಕ್ಕಿ ಡಬ್ಬದಲ್ಲಿದೆ."

ಅವರೇ ಎದ್ದುಹೋಗಿ ಅಕ್ಕಿಯೊಳಗೆ ಮೊಣಕೈವರೆಗೆ ಕೈಹಾಕಿ ಪ್ಲಾಸ್ಟಿಕ್ ಕವರೊಂದನ್ನು ಎಳೆದು ತಂದರು. ಮಾರ್ಕ್ಸ್ ಕಾರ್ಡ್, ಆಧಾರ್, ಎಲ್ಲವೂ ಇದ್ದವು.

"ಸುಡೋಕೆ ಅಂತ ಮಗ ಮನೆಯೆಲ್ಲ ಹುಡುಕ್ದ. ದಿನಾ ಅನ್ನ ಉಣ್ತಾನೆ, ಅಕ್ಕಿ ಎಲ್ಲಿರುತ್ತೆ ಗೊತ್ತಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವರು ಸೆರಗು ಸರಿಸಿದಾಗ ತೋಳಿನ ಮೇಲಿನ ನೀಲಿ ಬಾಸುಂಡೆ ಕಂಡಿತು. "ಮೊದ್ಲು ಅವರಪ್ಪ. ಈಗ ಇವನು. ಅವ್ಳು ಹೋದ್ಮೇಲೆ ಕೈಗೆ ಬೇರೆ ಯಾರೂ ಸಿಗಲ್ವಲ್ಲ. ಅವ್ಳು ಇರೋ ಕಡೆ ವಯಸ್ಸಾದೋರ್ನೂ ಇಟ್ಕೊಳ್ತೀರಾ?"

ಅಲ್ಲೇ ಹೂಂ ಎನ್ನುವಂತಿರಲಿಲ್ಲ. ಸೊಸೆ ಒಪ್ಪದೆ ಅವಳಿರುವ ಜಾಗಕ್ಕೆ ಅತ್ತೆಯನ್ನು ಕರೆತರುವುದು ತಪ್ಪು. ಮೂರು ದಿನ ಬಿಟ್ಟು ಫೋನ್ ಮಾಡಿ ಎಂದು ಕುಂಕುಮದ ಪೊಟ್ಟಣದ ಮೇಲೆ ನನ್ನ ನಂಬರ್ ಬರೆದುಕೊಟ್ಟು ಬಂದೆ.

ಅತ್ತೆ ಕೇಳಿದ್ದನ್ನು ತಿಳಿಸಿದಾಗ ಹುಡುಗಿ ಕವರನ್ನಷ್ಟೇ ತೆಗೆದುಕೊಂಡು ಒಳಗೆ ಹೋದಳು. ಮೂರನೆಯ ದಿನ ಬೀನ್ಸ್ ಮುರಿಯುತ್ತಾ ಹೇಳಿದಳು: "ಬರ್ಲಿ ಮೇಡಂ. ಆದ್ರೆ ಇಲ್ಲಿ ಅಡುಗೆಮನೆ ಬಾಗ್ಲು ಹಾಕ್ಕೊಳ್ಳೋ ಹಾಗಿಲ್ಲ."

ಅತ್ತೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದದ್ದು ಜರಿಯಂಚಿನ ಸೀರೆಯಲ್ಲಿ. "ಅಕ್ಕಪಕ್ಕದೋರಿಗೆಲ್ಲ ಹೇಳಿ ಬಂದೆ, ಹೊಳೆಹೊನ್ನೂರಲ್ಲಿ ಗೃಹಪ್ರವೇಶ ಅಂತ. ಹೊಳೆಯಿಂದ ಬಸ್ ಸ್ಟ್ಯಾಂಡ್‌ವರೆಗೂ ಹುಡುಕ್ಲಿ ಅವನು!"

ಮನೆಗೆ ಬಂದ ಮೇಲೆ ಆ ಹುರುಪೆಲ್ಲ ಇಳಿಯಿತು. ಸೊಸೆ ಒಂದೇ ಪ್ರಶ್ನೆ ಕೇಳಿದಳು: "ಅವ್ನು ಹೊಡೆಯುವಾಗೆಲ್ಲ ಯಾಕೆ ಸುಮ್ನಿದ್ರಿ?"

"ಹೆದರಿಕೆ ಕಣೇ" ಎಂದರು ಅವರು.

ಅಂದು ಇಬ್ಬರೂ ಬೇರೆಬೇರೆ ಕೂತು ಉಂಡರು. ವಾರದೊಳಗೆ ಸಾರಿನ ಉಪ್ಪಿಗೆ ಜಗಳ ಶುರುವಾಯಿತು. ಅಡುಗೆಯವಳು ಸೌಟು ಕೆಳಗಿಟ್ಟು, "ನೀವಿಬ್ರೂ ಇದ್ರೆ ನಾನು ಹೋಗ್ತೀನಿ" ಎಂದಾಗ ಅತ್ತೆ ಸೊಸೆ ಒಂದಾಗಿ ಅವಳನ್ನು ಸಮಾಧಾನ ಮಾಡಿದರು.

ಮುಂದೆ ಹುಡುಗಿಯ ಗಂಡ ಇಬ್ಬರ ಹತ್ತಿರವೂ ಸುಳಿಯಬಾರದು ಎಂದು ಕೋರ್ಟು ಆದೇಶ ಕೊಟ್ಟಿತು. ಹುಡುಗಿಯ ಕೆಲಸ ಗಟ್ಟಿಯಾಯಿತು. ಇಬ್ಬರೂ ಸೇರಿ ಬಾಡಿಗೆ ಮನೆ ಹುಡುಕತೊಡಗಿದರು. ನಾನೂ ಜೊತೆಗಿದ್ದೆ. ಎರಡು ಕಡೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಇಲ್ಲವೆಂದರು. ನವುಲೆ ಬಡಾವಣೆಯಲ್ಲಿ ಮೂರನೆಯ ಮನೆಯ ಮಾಲೀಕರೂ ಅದೇ ರಾಗ ತೆಗೆದರು: "ಮನೇಲಿ ಗಂಡಸರು ಯಾರೂ ಇಲ್ವಾ?"

ನಾನೊಂದು ಒಳ್ಳೆಯ ಸುಳ್ಳು ಹುಡುಕುತ್ತಿದ್ದೆ. ಅಷ್ಟರಲ್ಲಿ ಅತ್ತೆಯೇ ಹೇಳಿಬಿಟ್ಟರು: "ಇದ್ದ ಮಾರಾಯ್ರೇ. ಅದಕ್ಕೇ ಬೇರೆ ಮನೆ ಹುಡುಕ್ತಿರೋದು."

ಮಾಲೀಕರ ಹೆಂಡತಿ ಒಳಗಿನಿಂದ ಬಂದು, ಗಂಡನ ಕಡೆ ನೋಡದೆ, ಬೀಗದ ಕೈ ಕೊಟ್ಟರು.