ಕೆಂಪಯ್ಯ ತಿರುಗಿಸಿದ ನೀರು

ನೀರುಗಂಟಿ ಕೆಂಪಯ್ಯ ಚರಂಡಿ ನೀರಿಗೆ ಎಡಗಾಲು ಇಟ್ಟು, ಅದು ಊರಿನ ಯಾವ ಕಡೆಯಿಂದ ಬಂದದ್ದೆಂದು ಹೇಳಿಬಿಡುತ್ತಿದ್ದರು. ಬೆಚ್ಚಗಿದ್ದರೆ ಹೋಟೆಲಿನದು. ಕಾಲು ಜಾರಿದರೆ ಅಗಸರ ಕಡೆಯದು. "ಓಟ್ಲು ನೀರು ಬಾಳೆಗೆ, ಸೋಪ್ ನೀರು ಹುಲ್ಲಿಗೆ. ಸೊಪ್ಪಿಗೆ ಸೋಪ್ ಕುಡ್ಸುದ್ರೆ ತಿಂದೋನ್ ಬಾಯಲ್ಲಿ ನೊರೆ ಬತ್ತೈತೆ ಸ್ವಾಮಿ" ಎನ್ನುವರು.

ತುಮಕೂರಿನ ಹೊಲಸು ನೀರು ಆಗ ಬಟವಾಡಿಯ ಆಚೆ ಒಂದು ಕಾಲುವೆಗೆ ಸೇರಿ, ತಗ್ಗಿನ ತೋಟಗಳಿಗೆ ಹರಿಯುತ್ತಿತ್ತು. ಬದನೆ, ದಂಟು, ಬಾಳೆ, ಹಸುಗಳಿಗೆ ಹುಲ್ಲು. ಬೇಸಿಗೆಯಲ್ಲಿ ಕೆರೆ ಬತ್ತಿದರೂ ಈ ನೀರು ಬತ್ತುತ್ತಿರಲಿಲ್ಲ. ಊರಿನವರು ಮುಖ ತೊಳೆಯಲೇಬೇಕಲ್ಲ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ನಡೆಸುವವರು ಕೆಂಪಯ್ಯ. ಗುದ್ದಲಿಯಿಂದ ಒಂದು ಕಡೆ ಮಣ್ಣು ಕಡಿದು ಇನ್ನೊಂದು ಕಡೆ ಕಟ್ಟುವರು. ತೋಟದವರು ಸುಗ್ಗಿಯಲ್ಲಿ ರಾಗಿ, ದಿನಾ ಇಷ್ಟು ಸೊಪ್ಪು ಕೊಡುತ್ತಿದ್ದರು. ಕೆಂಪಯ್ಯನವರದೇ ಒಂದು ತುಂಡು ಜಮೀನು ಕಾಲುವೆಯ ತುದಿಯಲ್ಲಿತ್ತು. ಎಲ್ಲರ ಸರದಿ ಮುಗಿದ ಮೇಲೆಯೇ ಅದಕ್ಕೆ ನೀರು.

ದಂಟು ಬೆಳೆದು ಮಾರುತ್ತಿದ್ದ ಪುಟ್ಟತಾಯಮ್ಮ ಕೆಂಪಯ್ಯನವರಿಗಿಂತ ಹಿರಿಯಳು, ಬಾಯಿ ಜೋರು. "ಏನ್ಲಾ ಕೆಂಪ, ನನ್ ದಂಟಿಗೆ ನೀರ್ ಬಿಡಾಕೆ ಮುಹೂರ್ತ ನೋಡ್ತಿದೀಯಾ?" ಎಂದು ಕೂಗುವಳು.

"ಸರದಿ ಬರ್ಲಿ ಕಣಕ್ಕ. ನಿನ್ ಬಾಯಿಗೆ ಹೆದರ್ಕಂಡ್ ಬಿಟ್ರೆ ನೀರು ಗೂಳೂರ್ಗಂಟ ಓಡೋಗ್ತೈತೆ."

ಬೈದರೂ ನಗುತ್ತಲೇ ಬೈಯುವಳು. ಕೆಂಪಯ್ಯ ನಡೆಸುವ ಸರದಿಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ನಾನು ಗುಬ್ಬಿಯಲ್ಲಿ ಹೈಸ್ಕೂಲು ಮುಗಿಸಿ, ರಸ್ತೆ ಕಚೇರಿಯೊಂದರಲ್ಲಿ ನಕ್ಷೆ ಎಳೆಯುವ ಹಂಗಾಮಿ ಕೆಲಸಕ್ಕೆ ಸೇರಿದ್ದೆ. ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಹೊಸ ಹೆದ್ದಾರಿ ಆ ಕಾಲುವೆಯನ್ನು ದಾಟಿ ಹೋಗಬೇಕಿತ್ತು. ಮಣ್ಣಿನ ಏರಿ ಹಾಕಿ ರಸ್ತೆಯನ್ನು ಎತ್ತರಿಸುವುದರಿಂದ, ನೀರು ಹರಿಯುವಲ್ಲೆಲ್ಲ ಅಡಿಯಲ್ಲಿ ಮೋರಿ ಇಡಬೇಕು. ಆ ಜಾಗಗಳನ್ನು ಗುರುತಿಸಿ ನಕ್ಷೆಗೆ ಏರಿಸುವುದು ನನ್ನ ಕೆಲಸ. ತೋರಿಸಲು ಕೆಂಪಯ್ಯ ಬಂದರು.

ನಾನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ನಡೆಯುತ್ತಿದ್ದೆ. "ಮೂಗ್ ಮುಚ್ಕಂಡ್ರೆ ದಾರಿ ತಪ್ತೈತೆ ಸ್ವಾಮಿ. ಇಲ್ಲಿ ಮೂಗೇ ನಕ್ಷೆ" ಎಂದು ನಕ್ಕರು. ಮೊದಲ ದಿನ ಎರಡು ಎಳೆಸೌತೆ ಕೊಟ್ಟರು. ಅವರು ಅತ್ತ ತಿರುಗಿದಾಗ ನಾನು ಅವನ್ನು ಬದುವಿನ ಹಿಂದಕ್ಕೆ ಎಸೆದೆ. ಅವರಿಗೆ ಅದು ಕಂಡಿತ್ತು ಎಂದು ತಿಳಿದದ್ದು ಮಾರನೆಯ ದಿನ. ಬೇರೆ ಎರಡು ಸೌತೆ ತಂದು, "ಇದು ಬಾವಿ ನೀರಿಂದು, ತಿನ್ನಿ" ಎಂದರು. ಮುಖದಲ್ಲಿ ಬೇಸರವಿರಲಿಲ್ಲ. ನಾನು ತಿಂದೆ.

ಅವರದೊಂದು ಪದ್ಧತಿ ಇತ್ತು. ಮದುವೆಯ ದಿಬ್ಬಣ ಬರಲಿ, ಹೆಣ ಬರಲಿ, ಕಾಲುವೆ ದಾಟುವ ಮುಂಚೆ ನೀರನ್ನು ಮೇಲಿನ ಹಳ್ಳಕ್ಕೆ ತಿರುಗಿಸಿ, ಕಾಲುವೆಯ ತಳಕ್ಕೆ ಒಣಮರಳು ಚೆಲ್ಲುತ್ತಿದ್ದರು. ಯಾರ ಕಾಲೂ ಹೊಲಸಾಗಬಾರದು. ಹೋದ ಮೇಲೆ ಮತ್ತೆ ನೀರು.

ನಮ್ಮ ದೊಡ್ಡ ಸಾಹೇಬರು ಜಾಗ ನೋಡಲು ಬಂದ ದಿನವೂ ಹಾಗೆಯೇ ಮಾಡಿದರು. ಯಾರೂ ಹೇಳಿರಲಿಲ್ಲ. ಬೆಳಿಗ್ಗೆಯೇ ನನ್ನ ಬಳಿ ಬಂದು, "ದೊಡ್ಡೋರ್ ಬೂಟು ಗಲೀಜಾಗ್ಬಾರ್ದು ಅಂತ ನೀರು ಹಳ್ಳಕ್ಕೆ ತಿರುಗ್ಸಿದೀನಿ. ಅವರು ಹೋಗ್ತಿದ್ದಂಗೆ ಬಿಡ್ತೀನಿ" ಎಂದರು. ನಾನು ಹೂಂ ಎಂದೆ.

ಸಾಹೇಬರು ಒಣಮರಳಿನ ಮೇಲೆ ನಿಂತರು. "ಇದು ಹಳೇ ಕಾಲುವೇನಾ? ನೀರೇ ಇಲ್ವಲ್ಲ, ಮೋರಿ ಯಾಕ್ರೀ?"

ಕೆಂಪಯ್ಯ ದೂರದಲ್ಲಿ ಕೈಮುಗಿದು ನಿಂತಿದ್ದರು. ಅಷ್ಟು ದೂರಕ್ಕೆ ಮಾತು ಕೇಳಿಸದು. ನನ್ನ ಕೆಲಸ ಕಾಯಂ ಮಾಡುವ ಕಾಗದ ಆ ಸಾಹೇಬರ ಮೇಜಿನ ಮೇಲಿತ್ತು. ಎದುರು ಮಾತಾಡಿದವನೆಂದು ಅವರಿಗೆ ಅನ್ನಿಸಬಾರದಿತ್ತು. "ಹೌದು ಸಾರ್" ಎಂದೆ. ನಕ್ಷೆಯಲ್ಲಿ ಆ ಗೆರೆಯ ಪಕ್ಕ 'ಬಳಕೆಯಲ್ಲಿಲ್ಲ' ಎಂದು ನನ್ನ ಕೈಯಿಂದಲೇ ಬರೆದೆ. ಅಂತಿಮ ಪ್ರತಿ ಎಳೆಯುವಾಗ ಸರಿಪಡಿಸೋಣ ಎಂದುಕೊಂಡಿದ್ದೆ. ಅದನ್ನೂ ಎಳೆದೆ, ಸರಿಪಡಿಸಲಿಲ್ಲ.

ಏರಿ ಎದ್ದಿತು. ಮೋರಿ ಇಲ್ಲ. ಮೇಲುಗಡೆ ನೀರು ನಿಂತು ಸೊಳ್ಳೆ ಎದ್ದವು. ಕೆಳಗಿನ ತೋಟಗಳು ಒಂದೇ ಬೇಸಿಗೆಗೆ ಒಣಗಿದವು. ಜಗಳಕ್ಕೆ ಹೋದವರಿಗೆ ಕೆಲಸದವರು ನಕ್ಷೆ ತೋರಿಸಿದರು. ಸಾಹೇಬರು ಬಂದ ದಿನ ಕಾಲುವೆ ಒಣಗಿತ್ತಂತೆ. ಒಣಗಿಸಿದವರು ಯಾರೆಂದು ತೋಟದವರಿಗೆಲ್ಲ ಗೊತ್ತಿತ್ತು. ರಸ್ತೆ ಗ್ಯಾಂಗಿನಲ್ಲಿ ಕೆಲಸದ ಆಸೆಗೆ ಕೆಂಪಯ್ಯ ನೀರು ಮುಚ್ಚಿದನೆಂದು ಮಾತು ಹಬ್ಬಿತು.

ಒಂದು ದಿನ ಅವರು ತೋಟದವರನ್ನು ಕರೆದುಕೊಂಡು ನಮ್ಮ ಕಚೇರಿಯ ಜಗಲಿಗೆ ಬಂದರು. ಮುಂದೆ ಪುಟ್ಟತಾಯಮ್ಮ. ಒಳಗೆ ಸಾಹೇಬರ ಕೋಣೆಯ ಬಾಗಿಲು ತೆರೆದಿತ್ತು.

"ಸ್ವಾಮಿ, ಅವತ್ ಬೆಳಿಗ್ಗೆ ನೀರು ತಿರುಗ್ಸಿದೀನಿ, ಆಮೇಲ್ ಬಿಡ್ತೀನಿ ಅಂತ ನಿಮಗೆ ಹೇಳಿದ್ನೋ ಇಲ್ವೋ? ಇವರ ಮುಂದೆ ಒಂದ್ ಮಾತು ಹೇಳ್ಬುಡಿ. ತೋಟ ಹೋದ್ರೆ ಹೋಗ್ಲಿ, ನನ್ ಹೆಸ್ರು ಉಳೀಲಿ."

ನಾನು ತೆರೆದ ಬಾಗಿಲನ್ನು ನೋಡಿದೆ. "ನನಗೆ ನೆನಪಿಲ್ಲ ಕೆಂಪಯ್ಯ" ಎಂದೆ.

"ಕೇಳುಸ್ತೇನ್ಲಾ, ನೀರ್‌ಕಳ್ಳ?" ಎಂದಳು ಪುಟ್ಟತಾಯಮ್ಮ. ಈ ಸಲ ನಗಲಿಲ್ಲ. ನೀರುಗಂಟಿಗೆ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಅದೇ ತಿಂಗಳು ಕುಣಿಗಲ್ಲಿನ ಮಗಳ ಮನೆಗೆ ಹೋದರೆಂದು ಕೇಳಿದೆ. ಅದೇ ತಿಂಗಳು ನನ್ನ ಕೆಲಸವೂ ಕಾಯಂ ಆಯಿತು.

ಐದಾರು ವರ್ಷ ಕಳೆದ ಮೇಲೆ ಕುಣಿಗಲ್ಲಿಗೆ ಹೋದೆ. ಕೆಂಪಯ್ಯ ಮಗಳ ಮನೆಯ ಮುಂದೆ ಕೂತು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದರು. ಅಷ್ಟು ದೊಡ್ಡ ಕೆರೆಯ ಊರಿನಲ್ಲಿ ಅವರು ನೀರಿನ ಕೆಲಸಕ್ಕೆ ಕೈ ಹಾಕಿರಲಿಲ್ಲ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ನೆನಪಿತ್ತು, ಹೆದರಿ ಸುಳ್ಳು ಹೇಳಿದೆ, ತಪ್ಪು ನನ್ನದು.

ಹೊಸೆಯುವ ಕೈ ನಿಲ್ಲಲಿಲ್ಲ. "ಇಲ್ಯಾಕ್ ಹೇಳ್ತೀರ ಸ್ವಾಮಿ? ಇಲ್ಲಿ ನನ್ನ ಯಾರೂ ಕಳ್ಳ ಅಂದಿಲ್ಲ. ಅಲ್ಲೋಗಿ ಹೇಳಿ."

ನಾನು ಅವರನ್ನು ಕಂಡದ್ದು ಅದೇ ಕೊನೆ.

ತುಮಕೂರಿನಲ್ಲಿ ಬಸ್ಸಿಳಿದವನು ನೇರ ಬಟವಾಡಿಗೆ ನಡೆದೆ. ಹೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೆದ್ದಾರಿಯ ಪಕ್ಕ ಗೋಣಿಚೀಲ ಹಾಸಿಕೊಂಡು, ಯಾರೋ ಬೆಳೆದ ಸೊಪ್ಪನ್ನು ಕೊಂಡು ತಂದು ಪುಟ್ಟತಾಯಮ್ಮ ಮಾರುತ್ತಿದ್ದಳು. ನಾನು ಎದುರು ನಿಂತೆ. ಅವಳಿಗೆ ನನ್ನ ಗುರುತು ಸಿಗಲಿಲ್ಲ.

"ಏನ್ ಸ್ವಾಮಿ, ಸೊಪ್ಪು ಬೇಕಾ?"

ಎರಡು ಕಟ್ಟು ದಂಟು ಕೊಂಡು ಮನೆಗೆ ಹೋದೆ.