ಎಡಕ್ಕೆ ಸರಿದ ಚುಕ್ಕಿ

ಮನೆಯಲ್ಲಿ ನನಗೂ ನಮ್ಮ ಅತ್ತೆಗೂ ಎಣ್ಣೆ ಸೀಗೆಕಾಯಿ. ಕಾರ್ಖಾನೆಯ ಕೆಲಸದ ಕೋಣೆಯಲ್ಲಿ ಮಾತ್ರ ಅವರು ಹೇಳಿದ್ದೇ ವೇದವಾಕ್ಯ. ಯುದ್ಧವಿಮಾನದ ಹೊಟ್ಟೆಯಡಿ ತೂಗುವ ಗುರಿಯಂತ್ರಕ್ಕೆ ಕನ್ನಡಿ ಕೂರಿಸುವುದು ಇಪ್ಪತ್ತಾರು ವರ್ಷದಿಂದ ಅವರ ಕೆಲಸ. ಅಂಕಿ ಬರೆದುಕೊಳ್ಳುವುದು ನನ್ನದು. ಯಂತ್ರದ ಕ್ಯಾಮೆರಾ ಎಲ್ಲಿ ನೋಡುತ್ತದೋ ಲೇಸರ್ ಕಿರಣವೂ ಅಲ್ಲೇ ಬೀಳಬೇಕು. ಇಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಹತ್ತು ಕಿಲೋಮೀಟರ್ ಆಚೆ ಅದು ಪಕ್ಕದ ಮನೆಯ ಮೇಲೆ ಬಿದ್ದಿರುತ್ತದೆ.

ಹಾರಾಟದ ಪರೀಕ್ಷೆಗೆ ಎರಡೇ ದಿನವಿತ್ತು. ಹೊಸ ಮುಖ್ಯಸ್ಥರು ನೋಡಲು ಬಂದರು. ಅವರ ಕಣ್ಣೆದುರೇ ಪರದೆಯ ಮೇಲಿನ ಲೇಸರ್ ಚುಕ್ಕಿ ನಡುವಿನ ಗೆರೆ ಬಿಟ್ಟು ಮೆಲ್ಲಗೆ ಎಡಕ್ಕೆ ಸರಿಯಿತು. ಕನ್ನಡಿಯ ಅಂಟು ಸಡಿಲವಾಗಿದೆ, ಬಿಚ್ಚಿ ಎಂದರು. ಬಿಚ್ಚಿದರೆ ಐದು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸಾಲದ್ದಕ್ಕೆ, ವಯಸ್ಸಾಯಿತು, ಇವರನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕೋಣ ಎಂದು ಅತ್ತೆಯ ಮುಂದೆಯೇ ಹೇಳಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಒಂದು ದಿನದ ಗಡುವು ಕೇಳಿ ಪಡೆದರು.

ಮರುದಿನ ನಿಮಿಷ ನಿಮಿಷಕ್ಕೂ ಅಂಕಿ ಬರೆದೆ. ಬೆಳಗ್ಗೆಯೆಲ್ಲ ಚುಕ್ಕಿ ಅಲುಗಲಿಲ್ಲ. ಹನ್ನೊಂದಕ್ಕೆ ಮುಖ್ಯಸ್ಥರು ಬಂದರು, ಚುಕ್ಕಿ ಸರಿಯಿತು. ಹೋದರು, ಅರ್ಧ ಗಂಟೆಗೆ ತಾನೇ ಮರಳಿತು. ಮೂರು ಗಂಟೆಗೂ ಅದೇ ಕಥೆ! ಹಾಳೆಯನ್ನು ಅತ್ತೆಯ ಮುಂದಿಟ್ಟೆ. ಎರಡು ಸಲ ಓದಿದರು.

ಸಂಜೆ ಮುಖ್ಯಸ್ಥರು ಮತ್ತೆ ಬಂದು ಬಾಗಿ ನೋಡಿದರು. ಎಡಗೈ ಯಂತ್ರದ ಚೌಕಟ್ಟಿನ ಮೇಲೆ ಊರಿತ್ತು.

"ಸಾರ್, ಕೈ ತೆಗೀರಿ," ಎಂದರು ಅತ್ತೆ. "ನಿಮ್ಮ ಅಂಗೈ ಬಿಸಿಗೆ ಲೋಹ ಹಿಗ್ಗುತ್ತೆ. ಹಿಗ್ಗಿದ್ರೆ ಕನ್ನಡಿ ವಾಲುತ್ತೆ."

ಮುಖ್ಯಸ್ಥರ ಮುಖ ಕೆಂಪಾಯಿತು, ಆದರೆ ಕೈ ತೆಗೆದರು. ಮೂವರೂ ಅರ್ಧ ಗಂಟೆ ಪರದೆ ನೋಡುತ್ತ ನಿಂತೆವು. ಚುಕ್ಕಿ ಇಷ್ಟಿಷ್ಟೇ ಹಿಂದೆ ಬಂತು, ನಡುಗೆರೆಯ ಮೇಲೆ ಕೂತಿತು. ನಾನು ನಿಂತಲ್ಲೇ ಕುಣಿದೆ, ನಾಚಿಕೆಯೇನೂ ಆಗಲಿಲ್ಲ.

ಶನಿವಾರ ವಿಮಾನ ಹಾರಿತು. ಚುಕ್ಕಿ ನೆಲದ ಮೇಲೆ ಹಾಸಿದ್ದ ಬಿಳಿ ಬಟ್ಟೆಯ ನಟ್ಟನಡುವೆ ಬಿತ್ತು. ವರದಿಯಲ್ಲಿ ದೋಷದ ಕಾರಣ ಬರೆಯುವ ಜಾಗಕ್ಕೆ ಬಂದಾಗ, ಮುಖ್ಯಸ್ಥರ ಹೆಸರನ್ನು ಹುದ್ದೆ ಸಮೇತ ಬರೆಯಲು ಹೊರಟೆ.

"ಶಾಖ ಅಂತ ಬರಿ, ಸಾಕು," ಎಂದು ಅತ್ತೆ ತಡೆದರು. "ಕೈ ಯಾರದ್ದು ಅನ್ನೋದು ಬೇಡ."

ಹಲ್ಲು ಕಚ್ಚಿಕೊಂಡು ಅಷ್ಟೇ ಬರೆದೆ. ಬಾಗಿಲಲ್ಲಿ ನಿಂತಿದ್ದ ಮುಖ್ಯಸ್ಥರು ಒಳಬಂದು ಪೆನ್ನು ಇಸಿದುಕೊಂಡರು. 'ಶಾಖ'ದ ಹಿಂದೆ 'ನನ್ನ ಅಂಗೈಯ' ಎಂದು ಸೇರಿಸಿ ಸಹಿ ಹಾಕಿದರು.

ಅತ್ತೆ ಅದನ್ನು ಓದಿ, ಸೋಮವಾರ ಮುಂದಿನ ಕನ್ನಡಿ ಈ ಕೋಣೆಗೇ ಕಳಿಸಿಕೊಡಿ ಎಂದರು.