ಎರಡು ಬೆರಳು ದಪ್ಪದ ಗೋಡೆ

ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಏಳುತ್ತಿದ್ದ ಕಾಲಕ್ಕೆ ನಮ್ಮ ಓಣಿಯಲ್ಲಿ ದಿನಕ್ಕೊಬ್ಬರಾದರೂ ಬಾಗಿಲಿಗೆ ಬಂದು "ಬಾಡಿಗಿ ಖೋಲಿ ಅದ ಏನ್ರಿ?" ಎಂದು ಕೇಳುತ್ತಿದ್ದರು. ಇಲ್ಲ ಎಂದು ಹೇಳಿ ಹೇಳಿ ನನಗೆ ಬೇಸರ ಬಂತು. ಇದಕ್ಕಿಂತ ಒಂದು ಕೋಣೆ ಕಟ್ಟಿಬಿಡುವುದೇ ಮೇಲು ಅನಿಸಿತು. ನನ್ನ ಗಂಡ ರೈಲ್ವೆಯಲ್ಲಿದ್ದರು. ಮನೆಯ ಯಾವ ವಿಷಯಕ್ಕೂ ಅವರದು ಒಂದೇ ಮಾತು: "ನಿನಗ ಹ್ಯಾಂಗ ಬೇಕೋ ಹಂಗ ಮಾಡು." ಹಾಗಾಗಿ ತವರಿನವರು ಹಾಕಿದ್ದ ಬಂಗಾರದ ಪಾಟ್ಲಿ ಬಳೆಗಳನ್ನು ಮಾರಿದೆ. ಮನೆಯ ಬಲಗಡೆ ಖಾಲಿ ಬಿದ್ದಿದ್ದ ಜಾಗದಲ್ಲಿ, ನಮ್ಮ ಅಡುಗೆಮನೆಗೆ ಹೊಂದಿಕೊಂಡಂತೆ ಒಂದು ಕೋಣೆ, ಅದಕ್ಕೊಂದು ಸಣ್ಣ ಅಡುಗೆಮನೆ ಎಂದು ನೆಲದ ಮೇಲೆ ಸುಣ್ಣದ ಗೆರೆ ಎಳೆಸಿದೆ.

ನಮ್ಮ ಕಡೆ ಫರ್ಸಿ ಚಪ್ಪಡಿ ಕಲ್ಲಿಗೆ ಬರವಿಲ್ಲ. ನೆಲಕ್ಕೂ ಅದೇ, ಮಾಳಿಗೆಗೂ ಅದೇ, ಹೊಲದ ಬೇಲಿಗೂ ಅದೇ. ನಡುವಿನ ಗೋಡೆಗೂ ಅದನ್ನೇ ಉದ್ದಕ್ಕೆ ನಿಲ್ಲಿಸಿ, ಸಂದಿಗೆ ಸುಣ್ಣ ಮೆತ್ತಿಬಿಟ್ಟರಾಯಿತು ಎಂದು ಗೌಂಡಿಗೆ ಹೇಳಿದೆ. ಶಹಾಬಾದಿನಿಂದ ಬಂದ ವಯಸ್ಸಾದ ಗೌಂಡಿ ಅವನು. ಕೈಯಲ್ಲಿದ್ದ ಬೀಡಿ ಆರಿಸಿ ನನ್ನನ್ನು ನೋಡಿದ.

"ಯವ್ವಾ, ಇದು ದನದ ಕೊಟ್ಟಗಿಗಿ ನಡೀತದ. ಮನ್ಷಾರ ನಡುವ ಗ್ವಾಡಿ ಮೊಳ ದಪ್ಪ ಇರಬೇಕು."

"ಗ್ವಾಡಿ ದಪ್ಪ ಆದ್ರ ಖೋಲಿ ಸಣ್ಣದಾಗ್ತದ. ಮಂದಿ ಬಾಡಿಗಿ ಕೊಡೋದು ಖೋಲಿಗಿ, ಗ್ವಾಡಿಗಿ ಅಲ್ಲ," ಎಂದೆ.

ಈ ಮಾತು ಹೇಳಿ, ನಾನು ಭಾಳ ಶಾಣ್ಯಾಕಿ ಎಂದು ನನಗೇ ಅನಿಸಿದ್ದು ನೆನಪಿದೆ. ಗೌಂಡಿ ನಾನು ಹೇಳಿದಂತೆಯೇ ಎರಡು ಬೆರಳು ದಪ್ಪದ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಹೋದ.

ಮೊದಲು ಬಾಡಿಗೆಗೆ ಬಂದವರು ಚಿಂಚೋಳಿ ತಾಲೂಕಿನ ಗಂಡ ಹೆಂಡತಿ. ಅವನಿಗೆ ಕಾರ್ಖಾನೆಯಲ್ಲಿ ಕೆಲಸ. ಅವಳಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ. ತಾಯಿ ಇಲ್ಲದ ಹುಡುಗಿ. ಚಿತ್ತಾಪುರದಲ್ಲಿ ಒಬ್ಬಳು ಅಕ್ಕ ಇದ್ದಳು, ಅಷ್ಟೇ. ನನಗೆ ಗೊತ್ತಿದ್ದ ಮನೆಮಾಲಕರೆಲ್ಲ ಹೇಗೆ ಮಾತಾಡುತ್ತಿದ್ದರೋ ಹಾಗೆ, ಗೋಡೆಗೆ ಮೊಳೆ ಹೊಡೆಯಬಾರದು, ಅಂಗಳದಲ್ಲಿ ನೀರು ಚೆಲ್ಲಬಾರದು ಎಂದು ಗತ್ತಿನಿಂದ ಹೇಳಿದೆ. ಅವಳು ಎಲ್ಲದಕ್ಕೂ "ಹೂಂನ್ರಿ ಅಕ್ಕಾ" ಅಂದಳು. ಹಾಲು ಉಕ್ಕಿಸಿ ಒಳಗೆ ಬಂದರು.

ಆ ಸಂಜೆಯೇ ಗೋಡೆಯ ಗುಣ ತಿಳಿಯಿತು. ಅವಳು ಸ್ಟೋವಿಗೆ ಪಂಪು ಹೊಡೆದರೆ ನಮ್ಮ ಒಲೆಯ ಪಕ್ಕದಲ್ಲೇ ಹೊಡೆದಂತೆ ಕೇಳುತ್ತಿತ್ತು. ಎಷ್ಟು ರೊಟ್ಟಿ ಬಡಿದಳು, ಅವನು ಪಲ್ಯಕ್ಕೆ ಏನೆಂದ, ಅವಳು ಯಾಕೆ ಸಿಟ್ಟಾದಳು, ಎಲ್ಲ ನನಗೆ ಗೊತ್ತಾಗುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಬೇಸರವಾಗಲಿಲ್ಲ. ಹಿಟ್ಟು ನಾದುತ್ತ ಕೇಳುವುದು ರೂಢಿಯಾಯಿತು. ಕೇಳಿದ್ದಕ್ಕೆಲ್ಲ ನನ್ನ ತೀರ್ಪನ್ನು ಗಂಡನ ಮುಂದೆ ಒಪ್ಪಿಸುತ್ತಿದ್ದೆ. ಅವಳಿಗೆ ಸಾರು ಮಾಡಲು ಬರುವುದಿಲ್ಲ, ಅವನು ಮೆತ್ತಗಿನ ಗಂಡಸು, ಇತ್ಯಾದಿ. ಗೋಡೆ ನನ್ನದು, ಆದ್ದರಿಂದ ಅದು ನನಗೊಬ್ಬಳಿಗೇ ಕೇಳಿಸುತ್ತದೆ ಎಂದು ತಿಳಿದಿದ್ದೆನೋ ಏನೋ. ಹಾಗೆ ಬಿಡಿಸಿ ಯೋಚಿಸಿರಲಿಲ್ಲ.

ಒಮ್ಮೆ ಬೆಳಗಿನ ಸ್ಟೋವಿನ ಸದ್ದಿಗೆ ನಿದ್ದೆ ಕೆಡುತ್ತದೆ ಎಂದು ಗಂಡನ ಹತ್ತಿರ ಗೊಣಗಿದೆ. ಮರುದಿನದಿಂದ ಅವಳು ತಡವಾಗಿ ಸ್ಟೋವು ಹೊತ್ತಿಸತೊಡಗಿದಳು. ಚಳಿ ಹೆಚ್ಚಾಗಿರಬೇಕು ಅಂದುಕೊಂಡೆ. ಇನ್ನೊಮ್ಮೆ, ನಮ್ಮವ್ವ ಹೋದ ಮೇಲೆ ಅವಳು ಬೆಳ್ಳುಳ್ಳಿ ಹಾಕಿ ಕುಟ್ಟುತ್ತಿದ್ದಂಥ ಅಗಸಿ ಹಿಂಡಿಯ, ಆ ಚಟ್ನಿಪುಡಿಯ, ರುಚಿಯನ್ನೇ ನೋಡಿಲ್ಲ ಎಂದು ಊಟದ ಹೊತ್ತಿನಲ್ಲಿ ಮಾತು ಬಂತು. ವಾರ ಕಳೆಯುವುದರೊಳಗೆ ಅವಳು ಬಟ್ಟಲಿನಲ್ಲಿ ಹಿಂಡಿ ತಂದಳು. ಬೆಳ್ಳುಳ್ಳಿ ಹಾಕಿ ಕುಟ್ಟಿದ್ದು, ಥೇಟ್ ಅವ್ವನ ಕೈಯದು.

"ಸುಮ್ಮ ಮಾಡಿದ್ದೆನ್ರಿ ಅಕ್ಕಾ," ಅಂದಳು. ಚಲೋ ಗುಣದ ಹುಡುಗಿ ಎಂದು ನಾನು ರೊಟ್ಟಿಗೆ ಹಚ್ಚಿಕೊಂಡು ತಿಂದೆ.

ಅವಳು ಬಸುರಾಗಿ ಏಳು ತಿಂಗಳು ತುಂಬುವ ಹೊತ್ತಿಗೆ ಒಬ್ಬ ಬ್ಯಾಂಕಿನ ಸಾಹೇಬರು ಕೋಣೆ ಕೇಳಿಕೊಂಡು ಬಂದರು. ಒಬ್ಬರೇ ಇರುವವರು, ಊಟ ಖಾನಾವಳಿಯಲ್ಲಿ. ಸ್ಟೋವೂ ಇಲ್ಲ, ಜಗಳವೂ ಇಲ್ಲ. ಇಂಥ ಬಾಡಿಗೆದಾರರು ಸಿಗುವುದು ಪುಣ್ಯ ಎಂದು ಓಣಿಯ ಹೆಂಗಸರೆಲ್ಲ ಹೇಳಿದರು. ನನ್ನ ತಲೆಯಲ್ಲಿ ಬೇರೆ ಹೆದರಿಕೆಯೂ ಇತ್ತು. ತೊಟ್ಟಿಲು ಕಟ್ಟಿದ ಮನೆಯಿಂದ ಬಾಣಂತಿಯನ್ನು ಎಬ್ಬಿಸಿದರೆ ಊರು ಉಗುಳುತ್ತದೆ. ಹೇಳುವುದಿದ್ದರೆ ಈಗಲೇ ಹೇಳಬೇಕು. ಸಂಜೆ ದೀಪ ಹಚ್ಚಿ, ಒಲೆಯ ಮುಂದೆ ಕೂತು ಗಂಡನಿಗೆ ಹೇಳಿದೆ.

"ಈ ವಾರದಾಗ ಅವರಿಗಿ ಖೋಲಿ ಬಿಡ್ರಿ ಅಂತ ಹೇಳಬೇಕಂತೀನಿ."

"ತುಂಬಿದ ಬಸುರಿ. ಎಲ್ಲಿಗಿ ಹೋಗ್ತಾಳ?"

"ಅದು ಅವರ ಚಿಂತಿ. ನಾನೇನು ಛತ್ರ ಕಟ್ಟೀನೇನ್ರಿ?"

"ಏನಂತ ಹೇಳ್ತಿ?"

"ಊರಿಂದ ನಮ್ಮತ್ತಿ ಬರಲಿಕತ್ತಾರ, ಖೋಲಿ ಬೇಕು ಅಂತೀನಿ."

ಅತ್ತೆ ತೀರಿ ಆರು ವರ್ಷವಾಗಿತ್ತು. ಗಂಡ ಎದ್ದು ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಸುಳ್ಳನ್ನು ಬಾಯಲ್ಲಿ ಇಟ್ಟುಕೊಂಡೇ ಅಂಗಳಕ್ಕೆ ಬಂದೆ. ಅವಳು ಆಗಲೇ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

"ಅಕ್ಕಾ, ನಾವು ಖೋಲಿ ಬಿಡಾಕತ್ತೀವ್ರಿ. ಚಿತ್ತಾಪುರಕ್ಕ, ನಮ್ಮಕ್ಕನ ಮನಿಗಿ ಹೋಗ್ತೀವ್ರಿ."

ನನಗೆ ಆದದ್ದು ಹಗುರ. ಬೇರೇನೂ ಅಲ್ಲ. ಸುಳ್ಳು ಹೇಳುವುದು ತಪ್ಪಿತಲ್ಲ ಎಂಬ ಖುಷಿಯಲ್ಲಿ ಅವಳ ಉಡಿಯನ್ನು ಧಾರಾಳವಾಗಿಯೇ ತುಂಬಿದೆ. ಅಕ್ಕಿ, ಉತ್ತತ್ತಿ, ತೆಂಗಿನಕಾಯಿ, ಹಸಿರು ಕುಬಸದ ಕಣ. ಅವಳು ಬಾಗಿ ಕಾಲು ಮುಟ್ಟಲು ಬಂದಳು. ಹೊಟ್ಟೆಯ ಭಾರಕ್ಕೆ ಬೇಡ ಎಂದು ತಡೆದೆ. ಗಾಡಿ ಹತ್ತುವ ಮುಂಚೆ ತಿರುಗಿ, "ಅಕ್ಕಾ, ನಿಮ್ಮತ್ತಿಯೋರು ಬಂದ್ರ ಶರಣು ಹೇಳ್ರಿ," ಅಂದಳು. ಕಳಿಸಿಕೊಡುವ ಗಡಿಬಿಡಿಯಲ್ಲಿ ನಾನು "ಹೂಂ, ಹೇಳ್ತೀನಿ" ಅಂದುಬಿಟ್ಟೆ.

ಮಧ್ಯಾಹ್ನ ಕೋಣೆ ಗುಡಿಸಲು ಹೋದೆ. ಅವಳೇ ಗುಡಿಸಿ, ಒರೆಸಿ ಹೋಗಿದ್ದಳು. ಗೋಡೆಗೆ ಒಂದೂ ಮೊಳೆಯ ಗುರುತಿರಲಿಲ್ಲ. ನಾನು ಸುಮ್ಮನೆ ನಿಂತಿದ್ದಾಗ ಆಚೆ ಕಡೆ ನಮ್ಮ ಅಡುಗೆಮನೆಯಲ್ಲಿ ನನ್ನ ಗಂಡ ಡಬ್ಬಿಯ ಮುಚ್ಚಳ ತೆಗೆದರು. ಶೇಂಗಾ ಸಿಪ್ಪೆ ಒಡೆದ ಸದ್ದು ಕೇಳಿತು. "ಎಲ್ಲಿಗಿ ಹ್ವಾದ್ಲು ಈಕಿ," ಎಂದು ಅವರು ತಮ್ಮಷ್ಟಕ್ಕೆ ಅಂದುಕೊಂಡದ್ದೂ ಕೇಳಿತು.

ನಾನು ಅಲ್ಲೇ ನೆಲಕ್ಕೆ ಕೂತೆ. ಅತ್ತೆಗೆ ಶರಣು. ಅಗಸಿ ಹಿಂಡಿ. ತಡವಾಗಿ ಹೊತ್ತಿದ ಸ್ಟೋವು. ಅವಳು ಇಲ್ಲಿದ್ದ ಎಂಟು ತಿಂಗಳೂ ನಾನು ಅವಳ ಸಾರಿನ ಬಗ್ಗೆ, ಗಂಡನ ಬಗ್ಗೆ ಆಡಿದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತು. ಅದರಲ್ಲಿ ಅವಳು ನನ್ನ ಅವ್ವನ ಹಿಂಡಿಯೊಂದನ್ನು ಆರಿಸಿಕೊಂಡು ಕುಟ್ಟಿದ್ದಳು. ನನಗೆ ಭಾಳ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ಶಬ್ದ ನನಗೆ ಗೊತ್ತಿಲ್ಲ.

ಬ್ಯಾಂಕಿನ ಸಾಹೇಬರು ಬಂದಾಗ, "ನಮ್ಮತ್ತಿ ಬರಲಿಕತ್ತಾರ್ರಿ, ಖೋಲಿ ಖಾಲಿ ಇಲ್ಲ" ಎಂದೆ. ಸುಳ್ಳು ವ್ಯರ್ಥವಾಗಲಿಲ್ಲ. ಆಮೇಲೆ ಗಂಡನನ್ನು ರೈಲಿನಲ್ಲಿ ಚಿತ್ತಾಪುರಕ್ಕೆ ಕಳಿಸಿದೆ. ತಪ್ಪಾಯಿತು, ತಿರುಗಿ ಬಾ, ಬಾಣಂತನ ನಾನೇ ಮಾಡುತ್ತೇನೆ ಎಂದು ಹೇಳಿ ಕಳಿಸಿದೆ.

ಅವರು ಸಂಜೆಯ ಗಾಡಿಗೆ ಒಬ್ಬರೇ ಬಂದರು. ಕೈಕಾಲು ತೊಳೆದು, ಚಹಾ ಕುಡಿದು, ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದರು.

"ಆಕಿಗಿ ನಿನ್ನ ಮ್ಯಾಲ ಸಿಟ್ಟಿಲ್ಲಂತ. ಆದ್ರ ಹಡಿಯೋ ಮುಂದ ಜೋರಾಗಿ ಒದರಬೇಕಾಗ್ತದಂತ. ನಿಮ್ಮ ಖೋಲ್ಯಾಗ ಒದರಾಕ ನಾಚಿಕಿ ಬರ್ತದ್ರಿ ಅಂದ್ಳು."

ಮರುವಾರ ಶಹಾಬಾದಿನ ಗೌಂಡಿಯನ್ನು ಕರೆಸಿದೆ. ಅವನು ಫರ್ಸಿಗಳನ್ನು ಕಿತ್ತು ಮೊಳ ದಪ್ಪದ ಗೋಡೆ ಏರಿಸಿದ. ಹಳೆಯ ಮಾತನ್ನು ಎತ್ತಲಿಲ್ಲ. ಕೋಣೆ ಸಣ್ಣದಾಯಿತು. ಬಾಗಿಲು ಹಾಕಿಕೊಂಡು, ಒಳಗೆ ನಿಂತು, ನಾನು ಒಮ್ಮೆ ಜೋರಾಗಿ ಒದರಿದೆ. ಹೊರಗೆ ಬಂದು ಕೇಳಿದರೆ, ಆಚೆ ಅಡುಗೆಮನೆಯಲ್ಲಿದ್ದ ಗಂಡ ತಮಗೆ ಏನೂ ಕೇಳಿಸಲಿಲ್ಲ ಅಂದರು.